ದೋಣಿಗೆ ನೀರು ಹಾಕುವುದು

ಹೊಳವನಹಳ್ಳಿಯಿಂದ ಪಡುವಣ ಕಡಲಿಗೂ ದೂರ, ಮೂಡಣ ಕಡಲಿಗೂ ದೂರ. ಯಾವ ಕಡೆಗೆ ಹೊರಟರೂ ನೂರಾರು ಕಿಲೋಮೀಟರ್, ನಡುವೆ ಎರಡು ಊಟ. ನಮ್ಮ ಕೊರಟಗೆರೆ ಸೀಮೆಯಲ್ಲಿ ಅಂಗಳದಲ್ಲಿ ಟ್ರ್ಯಾಕ್ಟರ್ ನಿಲ್ಲಿಸಿಕೊಂಡವರಿದ್ದಾರೆ, ಜೆಸಿಬಿ ನಿಲ್ಲಿಸಿಕೊಂಡವರಿದ್ದಾರೆ, ಬೋರ್‌ವೆಲ್ ಲಾರಿ ಇಟ್ಟು ದೊಡ್ಡಮನುಷ್ಯರಾದವರಿದ್ದಾರೆ. ಅಂಗಳದಲ್ಲಿ ದೋಣಿ ನಿಲ್ಲಿಸಿಕೊಂಡವನು ನನಗೆ ತಿಳಿದಂತೆ ನಾನೊಬ್ಬನೇ. ಇದನ್ನು ಹೇಳುವಾಗ ಇವತ್ತಿಗೂ ನನ್ನ ಎದೆ ಒಂದಿಂಚು ಮುಂದೆ ಬರುತ್ತದೆ. ಹೊಟ್ಟೆ ಮೊದಲೇ ಮುಂದಿರುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ, ಅಷ್ಟೇ.

ಅದು ಹರಿಗೋಲು. ಬಿದಿರಿನ ದಬ್ಬೆ ಹೆಣೆದು, ಹೊರಗೆ ಪ್ಲಾಸ್ಟಿಕ್ ಹಾಳೆ ಸುತ್ತಿ, ಡಾಂಬರು ಬಳಿದ ಗುಂಡನೆಯ ದೋಣಿ. ಹರಿಗೋಲನ್ನು ದೋಣಿ ಅನ್ನಬಾರದು ಎಂದು ವಾದಿಸುವವರು ಹೊರಗಿನವರಾಗಿದ್ದರೆ ತಕ್ಕ ಉತ್ತರ ಕೊಡುತ್ತಿದ್ದೆ. ಅವರು ನಮ್ಮ ಅಡುಗೆಮನೆಯಲ್ಲೇ ಇರುವುದರಿಂದ ಸುಮ್ಮನಿದ್ದೇನೆ. ನಿಮ್ಮ ಮನೆಯಲ್ಲೂ ಇಂಥದ್ದೊಂದು ಇದ್ದೇ ಇರುತ್ತದೆ ಬಿಡಿ. ಕೊಂಡ ದಿನ ‘ನಮ್ಮದು’, ಕೆಟ್ಟ ದಿನದಿಂದ ‘ನಿಮ್ಮದು’. ಕೆಲವರಿಗೆ ಟ್ರೆಡ್‌ಮಿಲ್, ಕೆಲವರಿಗೆ ಮಾವ ಕೊಟ್ಟ ಸ್ಕೂಟರ್, ನನಗೆ ಹರಿಗೋಲು.

2022ರ ಮಳೆಗಾಲ ನೆನಪಿದೆಯಲ್ಲ? ತುಮಕೂರು ಜಿಲ್ಲೆಯ ಕೆರೆಗಳು ಒಂದರ ಹಿಂದೆ ಒಂದು ಕೋಡಿ ಬಿದ್ದವು. ಅಲ್ಲಿಯವರೆಗೆ ಮರಳಿನ ಲಾರಿಗಳು ಮಾತ್ರ ಹರಿಯುತ್ತಿದ್ದ ಜಯಮಂಗಲಿ ಎರಡೂ ದಡ ತಬ್ಬಿಕೊಂಡು ಹೋಯಿತು. ಜನ ಸಂಸಾರ ಸಮೇತ ಟೆಂಪೋ ಮಾಡಿಕೊಂಡು ಕೋಡಿ ನೋಡಲು ಹೊರಟರು, ಬಾಗಿನ ಬಿಟ್ಟರು, ಸೆಲ್ಫಿ ತೆಗೆದುಕೊಂಡು ಜಾರಿ ಬಿದ್ದರು. ನಾನಾಗ ಹೊಸದಾಗಿ ನಿವೃತ್ತನಾಗಿದ್ದೆ. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಟ್ಟವನು. ನಿವೃತ್ತ ಮೇಷ್ಟ್ರ ಕೈಗೆ ಪಿಂಚಣಿ ಕೊಡಬಹುದು, ಪೇಪರ್ ಕೊಡಬಹುದು, ಭೂಪಟ ಮಾತ್ರ ಕೊಡಬಾರದು.

ಭೂಪಟ ಹರಡಿ ಬೆರಳಿಟ್ಟೆ. ದೇವರಾಯನದುರ್ಗದ ಬೆಟ್ಟದಲ್ಲಿ ಹುಟ್ಟುವ ಜಯಮಂಗಲಿ ನಮ್ಮೂರ ಪಕ್ಕ ಹಾದು, ಆಂಧ್ರದ ಗಡಿ ದಾಟಿ, ಹಿಂದೂಪುರದ ಕಡೆ ಉತ್ತರ ಪಿನಾಕಿನಿಯನ್ನು ಸೇರುತ್ತದೆ. ಪಿನಾಕಿನಿ ಮುಂದೆ ಪೆನ್ನಾ ಅನ್ನಿಸಿಕೊಂಡು ನೆಲ್ಲೂರಿನಾಚೆ ಬಂಗಾಳ ಕೊಲ್ಲಿಗೆ ಬೀಳುತ್ತದೆ. ಅಂದರೆ ನಮ್ಮ ಹಿತ್ತಲ ಬಾಗಿಲಿನಿಂದ ಬಂಗಾಳ ಕೊಲ್ಲಿಗೆ ಜಲಮಾರ್ಗವಿದೆ! ಇಷ್ಟು ವರ್ಷ ಇದು ಯಾರಿಗೂ ಹೊಳೆಯಲಿಲ್ಲವಲ್ಲ ಎಂದು ನನಗೆ ಊರಿನ ಮೇಲೇ ಕನಿಕರ ಬಂತು. ಮನೆಯಾಕೆ ಹುರುಳಿಕಾಯಿ ನಾರು ತೆಗೆಯುತ್ತಾ ಎಲ್ಲ ಕೇಳಿಸಿಕೊಂಡಳು. ಕೊನೆಗೆ ಒಂದೇ ಪ್ರಶ್ನೆ ಕೇಳಿದಳು: “ವಾಪಸ್ ಬರೋವಾಗ?”

ಹೋಗುವಾಗ ಇಳಿಜಾರಾದರೆ ಬರುವಾಗ ಏರು ಎಂಬುದು ಭೂಪಟದಲ್ಲಿ ಅಷ್ಟಾಗಿ ಕಾಣುವುದಿಲ್ಲ.

ನಿಜವಾಗಿ ತಲೆ ಕೆಡಿಸಿದ್ದು ತಾರಿಣಿ. ನೌಕಾಪಡೆಯ ಆರು ಜನ ಮಹಿಳಾ ಅಧಿಕಾರಿಗಳು, ವರ್ತಿಕಾ ಜೋಶಿ ಅವರ ನಾಯಕತ್ವದಲ್ಲಿ, ಗೋವಾದಲ್ಲೇ ಕಟ್ಟಿದ ಆ 17 ಮೀಟರಿನ ಹಾಯಿದೋಣಿ ಏರಿ 2017ರ ಸೆಪ್ಟೆಂಬರಿನಲ್ಲಿ ಹೊರಟು, ಪ್ರಪಂಚ ಸುತ್ತಿ 2018ರ ಮೇ ತಿಂಗಳಲ್ಲಿ ವಾಪಸ್ ಬಂದರು. ಅದು ಮುಗಿದು ವರ್ಷಗಳೇ ಆಗಿದ್ದವು; ಆದರೆ ರಿಟೈರಾದವನಿಗೆ ಯೂಟ್ಯೂಬಿನಲ್ಲಿ ಎಲ್ಲವೂ ಇವತ್ತೇ ನಡೆಯುತ್ತದೆ. ದಾರಿಯಲ್ಲಿ ಚುಕ್ಕಾಣಿ ಕೈಕೊಟ್ಟು ಮಾರಿಷಸ್ಸಿನ ಪೋರ್ಟ್ ಲೂಯಿಯಲ್ಲಿ ನಿಲ್ಲಿಸಿ ರಿಪೇರಿ ಮಾಡಿಸಿಕೊಂಡರು ಎಂದು ಕೇಳಿದ ಮೇಲಂತೂ ನನಗೆ ಆ ದೋಣಿಯ ಜೊತೆ ನೆಂಟಸ್ತನವೇ ಬೆಳೆಯಿತು. ಯಾಕೆಂದರೆ ರಿಪೇರಿ ನನ್ನ ದೌರ್ಬಲ್ಯ. ನಾನು ಬಿಚ್ಚಿದ ಮಿಕ್ಸಿ ಈಗ ಎರಡು ಡಬ್ಬಗಳಲ್ಲಿದೆ. ಗೋಡೆ ಗಡಿಯಾರದಿಂದ ಉಳಿದ ಒಂದು ಸ್ಪ್ರಿಂಗು ಇನ್ನೂ ದೇವರಮನೆಯಲ್ಲಿದೆ. ಗಡಿಯಾರ ಅದಿಲ್ಲದೆಯೇ ನಿಂತಿದೆ.

ಹರಿಗೋಲು ಸಿಕ್ಕಿದ್ದು ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯದ ಕಡೆ. ಶಿಂಷಾ ನದಿಗೆ ಕಟ್ಟಿದ ಅಣೆಕಟ್ಟು. ತುಂಬಿದರೆ ಯಾರೂ ಗೇಟು ಎತ್ತಬೇಕಾಗಿಲ್ಲ, ಸೈಫನ್ನುಗಳು ತಾವೇ ನೀರು ಹೊರಗೆ ಬಿಡುತ್ತವೆ. ಯಾರ ರಿಪೇರಿಯನ್ನೂ ಕಾಯದೆ ತನ್ನ ಪಾಡಿಗೆ ಕೆಲಸ ಮಾಡುವ ಯಂತ್ರ ಕಂಡರೆ ನನಗೆ ಸ್ವಲ್ಪ ಕಸಿವಿಸಿ. ಹಾಗಾಗಿ ಅದರ ಕಡೆ ಬೆನ್ನು ಮಾಡಿ ಹರಿಗೋಲಿನ ವ್ಯಾಪಾರಕ್ಕೆ ಇಳಿದೆ.

“ಇದು ಎಷ್ಟು ವರ್ಷದ್ದಪ್ಪ?”

“ನಿಮ್ಗೆಷ್ಟ್ ವರ್ಷ ಬರ್ಬೇಕು ಸಾಮಿ?” ಅಂದ ಮೀನುಗಾರ.

ಇಂಥ ಉತ್ತರ ಬಂದ ಕೂಡಲೇ ಬುದ್ಧಿವಂತರು ಬಸ್ಸು ಹತ್ತುತ್ತಾರೆ. ನಾನು ಅವನಿಗೆ ಡೊಮಿಂಗೊ ಪಾಯೆಸನ ಕಥೆ ಹೇಳಲು ಕೂತೆ. ಹದಿನಾರನೇ ಶತಮಾನದಲ್ಲಿ ವಿಜಯನಗರಕ್ಕೆ ಬಂದ ಈ ಪೋರ್ಚುಗೀಸ ಆನೆಗೊಂದಿಯ ಹತ್ತಿರ ಜನ ಬುಟ್ಟಿಯಂಥ ದೋಣಿಗಳಲ್ಲಿ ಹೊಳೆ ದಾಟುವುದನ್ನು ಬರೆದಿಟ್ಟಿದ್ದಾನೆ; ಒಳಗೆ ಬೆತ್ತ, ಹೊರಗೆ ಚರ್ಮ, ಒಂದೊಂದರಲ್ಲಿ ಹದಿನೈದು ಇಪ್ಪತ್ತು ಜನ, ಬೇಕಾದರೆ ಕುದುರೆ ಎತ್ತುಗಳೂ. ಮೀನುಗಾರ ಗಂಭೀರವಾಗಿ ತಲೆದೂಗಿದ. ಕಥೆ ಮುಗಿಯುವ ಹೊತ್ತಿಗೆ ರೇಟು ಐನೂರು ಜಾಸ್ತಿಯಾಗಿತ್ತು.

ಟಾಟಾ ಏಸ್ ಮೇಲೆ ಮಗುಚಿ ಹಾಕಿಕೊಂಡು ಹೊರಟೆವು. ಬಾಡಿಗೆ ಹರಿಗೋಲಿನ ಬೆಲೆಯನ್ನು ಮೀರಿತು. ದಾರಿಯಲ್ಲಿ ಟೀ ಕುಡಿಯಲು ನಿಲ್ಲಿಸಿದ ಕಡೆಯೆಲ್ಲ ಜನ ಸೇರಿದರು. ಒಬ್ಬರು ರಾಗಿ ಕಣಜವೇ ಎಂದರು, ಒಬ್ಬರು ಡಿಶ್ ಆಂಟೆನಾ ಎಂದರು, ಒಬ್ಬ ಅಜ್ಜಿ ಕೈಮುಗಿದು “ಯಾವ್ ದೇವ್ರಪ್ಪಾ?” ಎಂದು ಕೇಳಿತು. ಅಜ್ಜಿಗೆ ಮಾತ್ರ ನಾನು ಸರಿಯಾದ ಉತ್ತರ ಕೊಡಲಿಲ್ಲ. ಅದು ಹಾಕಿದ ಹತ್ತು ರೂಪಾಯಿ ಡ್ರೈವರ್ ಜೇಬಿಗೆ ಹೋಯಿತು.

ಮನೆಗೆ ಬಂದು ನೋಡಿದರೆ ಹರಿಗೋಲಿನ ತಳದಲ್ಲಿ ಹಗಲಲ್ಲೇ ನಕ್ಷತ್ರ ಕಾಣುತ್ತಿತ್ತು. ಬಿದಿರಿಗೆ ಕುಟ್ಟೆಹುಳು. ಕಡಿದ ಬಿದಿರನ್ನು ಕೆಲಕಾಲ ನೀರಿನಲ್ಲಿ ನೆನೆಹಾಕಿದರೆ ಅದರೊಳಗಿನ ಪಿಷ್ಟ ಬಿಟ್ಟುಕೊಂಡು ಹುಳು ಹಿಡಿಯುವುದು ಕಡಿಮೆಯಾಗುತ್ತದೆ. ಇದನ್ನು ಕಟ್ಟಿದವನು ಅಷ್ಟು ತಾಳ್ಮೆ ತೋರಿಸಿರಲಿಲ್ಲ. ಪ್ಲಾಸ್ಟಿಕ್ ಹಾಳೆ ಹಪ್ಪಳವಾಗಿತ್ತು. ಹಿಂದೆಲ್ಲ ದನದ ಚರ್ಮ ಹೊದಿಸುತ್ತಿದ್ದರು. ಚರ್ಮದ ಮಾತೆತ್ತಿದ್ದಕ್ಕೆ ನನ್ನ ತಾಯಿ ಎರಡು ದಿನ ನನ್ನ ಕೈಯಲ್ಲಿ ಕಾಫಿ ಇಸಿದುಕೊಳ್ಳಲಿಲ್ಲ. ಹಾಗಾಗಿ ಫ್ಲೆಕ್ಸ್ ತಂದೆ. ನಮ್ಮ ಕಡೆ ನೀರಿಗೆ ಬರವಿರಬಹುದು, ಫ್ಲೆಕ್ಸಿಗಿಲ್ಲ. ಯುವ ನಾಯಕರೊಬ್ಬರ ಹುಟ್ಟುಹಬ್ಬದ ಶುಭಾಶಯ, ಹದಿನೈದು ಅಡಿ, ಗಟ್ಟಿ ಮಾಲು. ಹಬ್ಬ ಮುಗಿದು ಗಾಳಿಗೆ ಬಿದ್ದಿತ್ತು.

ಡಾಂಬರು ಕಾಯಿಸುವ ವಿದ್ಯೆ ಸುಲಭ: ತಗಡಿನ ಡಬ್ಬ, ಮೂರು ಕಲ್ಲು, ನಿಧಾನದ ಉರಿ. ನನ್ನಲ್ಲಿ ಇಲ್ಲದ್ದು ನಿಧಾನ. ಡಬ್ಬ ಉಕ್ಕಿತು. ಪಂಚೆಗೆ ಹತ್ತಿತು, ಮೊಣಕಾಲಿಗೆ ಹತ್ತಿತು, ನೋಡಲು ಬಂದ ಬೆಕ್ಕಿಗೂ ಹತ್ತಿತು. ಬೆಕ್ಕು ಅದನ್ನು ಮನೆಯೊಳಗೆ ಎಲ್ಲ ಕೋಣೆಗಳಿಗೂ ಸಮನಾಗಿ ಹಂಚಿತು. ಡಾಂಬರು ಬಿಡಿಸಲು ಕೊಬ್ಬರಿ ಎಣ್ಣೆಯೇ ಮದ್ದು. ತೆಂಗಿನ ನಾಡಿನಲ್ಲಿ ಹುಟ್ಟಿದ್ದಕ್ಕೆ ಅವತ್ತು ಸಾರ್ಥಕವಾಯಿತು. ಮೊದಲ ಬಾಟಲಿ ಬೆಕ್ಕಿಗೆ, ಎರಡನೆಯದು ನೆಲಕ್ಕೆ, ಬಾಟಲಿಯ ತಳದಲ್ಲಿ ಉಳಿದದ್ದು ನನಗೆ. ಪ್ರಾಶಸ್ತ್ಯದ ಈ ಕ್ರಮವನ್ನು ನಾನು ನಿಗದಿ ಮಾಡಿದ್ದಲ್ಲ.

ಮರುದಿನ ಫ್ಲೆಕ್ಸ್ ಸುತ್ತಿ ಡಾಂಬರು ಬಳಿಯುತ್ತಿದ್ದಾಗ ಎರಡು ಬೈಕುಗಳಲ್ಲಿ ಹುಡುಗರು ಬಂದರು. ನೋಡಿದರೆ ಯುವ ನಾಯಕರ ಕಡೆಯವರು. ನಾನು ಹಾಡುಹಗಲಲ್ಲಿ, ನಡುಬೀದಿಯಲ್ಲಿ, ಅವರ ನಾಯಕರ ಮುಖಕ್ಕೆ ಡಾಂಬರು ಬಳಿಯುತ್ತಿದ್ದೆ.

“ಮೇಷ್ಟ್ರೇ, ಏನಿದು ಅನ್ಯಾಯ? ಯಾವ್ ಪಾರ್ಟಿಯವರು ಹೇಳಿ ಮಾಡಿಸ್ತಿದಾರೆ?”

ನಾನು ಪಾಯೆಸನಿಂದ ಶುರುಮಾಡಿದೆ. ಅವರು ಪಾಯೆಸ್ ಯಾವ ಪಾರ್ಟಿ ಎಂದು ಕೇಳಿದರು. ಹಾಳೆಯನ್ನು ತಿರುಗಿಸಿ ಮುಖ ಒಳಗೆ ಮಾಡುತ್ತೇನೆ ಎಂದೆ. ಒಳಗೆ ಮಾಡಿದರೆ ನಾಯಕರು ಕಾಲಡಿಗೆ ಬರುತ್ತಾರೆ, ಅದು ಇನ್ನೂ ದೊಡ್ಡ ಅವಮಾನ ಎಂದರು. ಕೊನೆಗೆ ಅವರಲ್ಲೇ ಒಬ್ಬ ಬುದ್ಧಿವಂತ ಬೈಕಿನಲ್ಲಿ ಹೋಗಿ ಎದುರು ಪಾರ್ಟಿಯ ಫ್ಲೆಕ್ಸ್ ತಂದುಕೊಟ್ಟ. “ಇದಕ್ಕೆ ಬಳೀರಿ ಸಾರ್. ಡಾಂಬರು ಕಮ್ಮಿ ಬಿದ್ರೆ ಫೋನ್ ಮಾಡಿ, ಕಳಿಸ್ತೀವಿ.” ನನ್ನ ಹರಿಗೋಲಿಗೆ ಸಿಕ್ಕ ಒಂದೇ ಒಂದು ಅನುದಾನ ಅದು.

ಹೆಸರಿಡಬೇಕಲ್ಲ. ಮನೆಯಾಕೆಯ ಹೆಸರಿಡುತ್ತೇನೆ ಎಂದೆ, ಮೊದಲು ಗ್ಯಾಸ್ ಬುಕ್ ನನ್ನ ಹೆಸರಿಗೆ ಮಾಡಿಸಿ ಅಂದಳು. ಹೊಳೆಯ ಹೆಸರೇ ಇರಲಿ ಎಂದು ಬಿಳಿ ಬಣ್ಣದಲ್ಲಿ, ದಪ್ಪ ಅಕ್ಷರದಲ್ಲಿ, ಸುತ್ತಲೂ ‘ಜಯಮಂಗಲಿ’ ಎಂದು ಬರೆದೆ. ಗುಂಡನೆಯ ವಸ್ತುವಿಗೆ ಮುಂದೂ ಇಲ್ಲ, ಹಿಂದೂ ಇಲ್ಲ. ನಿಂತ ಕಡೆಯಿಂದ ಎರಡೇ ಅಕ್ಷರ ಕಾಣುತ್ತವೆ. ಬೀದಿಯ ಕಡೆಯಿಂದ ‘ಜಯ’ ಕಾಣುತ್ತಿತ್ತು. ಅಡುಗೆಮನೆ ಕಿಟಕಿಯಿಂದ ‘ಮಂಗ’. ತಿರುಗಿಸಿ ಇಡೋಣ ಎಂದರೆ, “ಇರ್ಲಿ ಬಿಡಿ, ಸರಿಯಾಗಿದೆ” ಎಂದಳು.

ಪಕ್ಕದೂರಿನ ಕೆರೆ ತುಂಬಿ ತೆಪ್ಪೋತ್ಸವ ಇಟ್ಟುಕೊಂಡರು. ಜಯಮಂಗಲಿಯನ್ನು ಲೋಕಾರ್ಪಣೆ ಮಾಡಲು ಇದಕ್ಕಿಂತ ಮುಹೂರ್ತ ಉಂಟೇ? ಅದೂ ಬರೀ ಹುಟ್ಟು ಹಾಕಿಕೊಂಡಲ್ಲ, ತಾರಿಣಿಯ ಶೈಲಿಯಲ್ಲಿ, ಹಾಯಿ ಏರಿಸಿಕೊಂಡು. ನುಗ್ಗೆಕಾಯಿ ಕೀಳುವ ದೋಟಿಯನ್ನು ಕೂವೆಮರ ಮಾಡಿದೆ. ಹಾಯಿಗೆ ಸೀರೆ ಕೇಳಿದೆ, ಸಿಗಲಿಲ್ಲ. ನನ್ನದೇ ಮದುವೆ ಪಂಚೆ ಕಟ್ಟಿದೆ.

ನಮ್ಮೂರಿನಲ್ಲಿ ಕುಂದಾಪುರದ ಕಡೆಯ ಮೇಷ್ಟ್ರೊಬ್ಬರಿದ್ದಾರೆ. ಕಡಲ ದಡದಲ್ಲಿ ಬೆಳೆದವರು. ಬಂದು ಒಂದು ಸುತ್ತು ಹಾಕಿ ನೋಡಿದರು. “ಎಂತ ಮಾರಾಯ್ರೆ, ಇದ್ ದೋಣಿಯಾ? ಹೆಡ್ಗಿ ಅಲ್ದಾ?” ಎಂದರು. ಆಮೇಲೆ ಕನಿಕರಪಟ್ಟು ವಿವರಿಸಿದರು. ಹಾಯಿದೋಣಿಗೆ ತಳದಲ್ಲಿ ಉದ್ದಕ್ಕೂ ಏಣು ಇರಬೇಕು. ತಾರಿಣಿಯಂಥದಕ್ಕೆ ನೀರಿನೊಳಗೆ ಭಾರವಾದ ರೆಕ್ಕೆಯೇ ಇಳಿದಿರುತ್ತದೆ. ಗಾಳಿ ಮೇಲಿಂದ ಪಕ್ಕಕ್ಕೆ ತಳ್ಳಿದಾಗ ಆ ರೆಕ್ಕೆ ಕೆಳಗಿನಿಂದ ಬಿಡುವುದಿಲ್ಲ ಅನ್ನುತ್ತದೆ. ಇಬ್ಬರ ಜಗಳದಲ್ಲಿ ದೋಣಿ ಮುಂದೆ ಹೋಗುತ್ತದೆ. ಸಂಸಾರವೂ ಹಾಗೇ ಅಲ್ಲವೇ ಎಂದು ನಾನು ಹೇಳಹೊರಟೆ, ಮನೆಯಾಕೆ ಅಲ್ಲೇ ಇದ್ದುದರಿಂದ ಹೇಳಲಿಲ್ಲ. ಹರಿಗೋಲಿಗೆ ಏಣೂ ಇಲ್ಲ, ರೆಕ್ಕೆಯೂ ಇಲ್ಲ. ಆದರೂ ಭಂಡ ಧೈರ್ಯಕ್ಕೆ ನಾನು ಕಡಿಮೆ ಇರಲಿಲ್ಲ.

ಏರಿಯ ಮೇಲೆ ಊರೆಲ್ಲ ಸೇರಿತ್ತು. ಉತ್ಸವಮೂರ್ತಿಯ ತೆಪ್ಪ ನಿಧಾನವಾಗಿ ಹೊರಟಿತು. ನಾನು ಹಿಂದೆ ಹೊರಟೆ. ಎರಡು ನಿಮಿಷ ಎಲ್ಲ ಚೆನ್ನಾಗಿತ್ತು. ಕೈ ಬೀಸಿದೆ, ಯಾರೋ ಶಿಳ್ಳೆಯನ್ನೂ ಹೊಡೆದರು. ಆಮೇಲೆ ಗಾಳಿ ಬಂತು. ಪಂಚೆ ಉಬ್ಬಿತು. ಹರಿಗೋಲು ಮುಂದೆ ಹೋಗಲಿಲ್ಲ, ತಿರುಗಿತು. ಮೊದಲು ಸಾವಧಾನವಾಗಿ, ಆಮೇಲೆ ಆಸಕ್ತಿಯಿಂದ. ಏರಿ, ಬೆಟ್ಟ, ದೇವರು, ಮನೆಯಾಕೆ, ಮತ್ತೆ ಏರಿ, ಬೆಟ್ಟ, ದೇವರು, ಮನೆಯಾಕೆ. ದೇವರಿಗೆ ನಾನು ಅವತ್ತು ಹಾಕಿದಷ್ಟು ಪ್ರದಕ್ಷಿಣೆ ಯಾವ ಭಕ್ತನೂ ಹಾಕಿರಲಾರ, ಅದೂ ನಿಂತಲ್ಲೇ. ಏರಿಯ ಮೇಲಿಂದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ಈಗ ಗೊಬ್ಬರದಂಗಡಿ ಇಟ್ಟಿದ್ದಾನೆ, ಕೂಗಿದ:

“ಸಾರ್! ನೀವೇ ಪಾಠ ಮಾಡಿದ್ರಲ್ಲ ಸಾರ್! ಪಾಯೆಸ್! ಈ ದೋಣಿ ನೆಟ್ಟಗೆ ಹೋಗಲ್ಲ, ಸುತ್ತಾನೇ ಇರ್ತವೆ ಅಂತ! ಎರಡು ಮಾರ್ಕ್ಸಿನ ಪ್ರಶ್ನೆ ಸಾರ್!”

ಪಾಯೆಸ್ ಹಾಗೆ ಬರೆದಿರುವುದು ನಿಜ. ಪ್ರತಿ ವರ್ಷ ಹೇಳಿಕೊಟ್ಟದ್ದೂ ನಿಜ. ಪಾಠ ಮಾಡುವವನು ಪಾಠ ಕೇಳಬೇಕೆಂಬ ನಿಯಮ ಶಿಕ್ಷಣ ಇಲಾಖೆಯಲ್ಲಿ ಎಲ್ಲೂ ಇಲ್ಲ. ಆ ಹುಡುಗನನ್ನು ನಾನು ಎರಡು ಸಲ ಫೇಲ್ ಮಾಡಿದ್ದೆ, ಅವನು ಅದನ್ನು ಮರೆತಿರಲಿಲ್ಲ.

ತಲೆ ಸುತ್ತಿ, ಬೆಳಗಿನ ಪುಳಿಯೋಗರೆ ಹೊರಗೆ ಬರುವ ಸೂಚನೆ ಕೊಟ್ಟಾಗ ನಾನು ಮಾನ ಬಿಟ್ಟು “ಕಾಪಾಡ್ರಪ್ಪೋ” ಎಂದು ಕೂಗಿದೆ. ಎಮ್ಮೆ ತೊಳೆಯುತ್ತಿದ್ದ ಒಬ್ಬ ಪೋರ ನಡೆದುಕೊಂಡು ಬಂದ. ಈಜಿಕೊಂಡಲ್ಲ, ನಡೆದುಕೊಂಡು. ನೀರು ಅವನ ಸೊಂಟಕ್ಕಿತ್ತು. ಹರಿಗೋಲಿನ ಅಂಚು ಹಿಡಿದು ಎಳೆದುಕೊಂಡು ಹೋಗಿ ದಡಕ್ಕೆ ಬಿಟ್ಟು, “ಇಳೀರಿ ತಾತ” ಅಂದ. ಅಲ್ಲಿಯವರೆಗೆ ನಾನು ಎಲ್ಲರಿಗೂ ಅಂಕಲ್ ಆಗಿದ್ದೆ.

ಮುಂದಿನ ವರ್ಷ, 2023ರಲ್ಲಿ, ಮಳೆ ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಸರ್ಕಾರವೇ ಸಾರಿತು. ಕೆರೆ ಬಿರುಕು ಬಿಟ್ಟಿತು, ಜಯಮಂಗಲಿಯಲ್ಲಿ ಜಾಲಿ ಎದ್ದಿತು, ಅಂಗಳದ ಜಯಮಂಗಲಿಯಲ್ಲಿ ಬಿದಿರು ಸಿಡಿಯತೊಡಗಿತು. ಮಧ್ಯಾಹ್ನದ ನಿದ್ದೆಯಲ್ಲಿ ಟಪ್ ಎಂದು ಶಬ್ದ. ಹೋಗಿ ನೋಡಿದರೆ ಒಂದು ದಬ್ಬೆ ಬಿಟ್ಟುಕೊಂಡಿರುತ್ತಿತ್ತು. ಏಪ್ರಿಲ್ ಬಿಸಿಲಿಗೆ ಡಾಂಬರು ಕರಗಿ ಎದುರು ಪಾರ್ಟಿಯ ನಾಯಕರ ಹಲ್ಲು ಹೊರಗೆ ಬಂದವು. ಕುಂದಾಪುರದ ಮೇಷ್ಟ್ರನ್ನು ಕೇಳಿದೆ. ಕಡಲ ಕಡೆ ಮರದ ದೋಣಿ ಬಹಳ ದಿನ ದಡದಲ್ಲಿ ಒಣಗಬಾರದು, ಹಲಗೆ ಕುಗ್ಗಿ ಸಂದು ಬಿಡುತ್ತದೆ ಎಂದರು. ಅಲ್ಲಿ ಸಂದಿಗೆ ಹತ್ತಿ, ರಾಳ ತುಂಬಿ, ಮೀನೆಣ್ಣೆ ಬಳಿದು ಕಾಪಾಡುತ್ತಾರಂತೆ. ಮೀನೆಣ್ಣೆಯ ಮಾತನ್ನು ನಾನು ಮನೆಯೊಳಗೆ ಎತ್ತಲಿಲ್ಲ. ಚರ್ಮದ ಪ್ರಕರಣ ಇನ್ನೂ ಹಸಿಯಾಗಿತ್ತು. ದೋಣಿ ಒಣಗಬಾರದು, ಅಷ್ಟನ್ನು ಮಾತ್ರ ಹಿಡಿದುಕೊಂಡೆ. ಅದು ಹಲಗೆಯ ದೋಣಿಗೆ ಹೇಳಿದ ಮಾತು, ಬಿದಿರಿನ ಬುಟ್ಟಿಗಲ್ಲ ಎಂಬ ಸೂಕ್ಷ್ಮ ನನಗೆ ತಟ್ಟಲಿಲ್ಲ. ದಿನಾ ಸಂಜೆ ಬಕೆಟ್ ಹಿಡಿದು ಹರಿಗೋಲಿಗೆ ನೀರು ಹಾಕತೊಡಗಿದೆ.

ಸಾವಿರ ಅಡಿ ಕೊರೆದರೂ ಬೋರ್‌ವೆಲ್ಲು ಬರೀ ಧೂಳು ಕಕ್ಕುವ ಊರಿನಲ್ಲಿ, ಎರಡು ಬಿಂದಿಗೆಗೆ ಸಾಲು ನಿಲ್ಲುವ ಕಾಲದಲ್ಲಿ, ಒಬ್ಬ ಮನುಷ್ಯ ಗಿಡಕ್ಕಲ್ಲ, ದನಕ್ಕಲ್ಲ, ದೋಣಿಗೆ ನೀರು ಹಾಕುವುದನ್ನು ನೋಡಲು ಬೀದಿಯವರು ಬರುತ್ತಿದ್ದರು. ಮನೆಯಾಕೆ ಪಾವಗಡದವಳು. ಟ್ಯಾಂಕರ್ ಹಾರನ್ ಕೇಳಿಸಿದರೆ ಸ್ನಾನದಿಂದಲೇ ಎದ್ದು ಓಡಿಬರುವ ಊರಿನಲ್ಲಿ ಬೆಳೆದವಳು. ಒಂದು ಸಂಜೆ ಸೊಂಟದ ಮೇಲೆ ಕೈಯಿಟ್ಟು ನಿಂತು ಕೇಳಿದಳು: “ದೋಣಿ ನೀರಿನ ಮೇಲಿರ್ಬೇಕೋ, ನೀರು ದೋಣಿ ಮೇಲಿರ್ಬೇಕೋ, ಅದನ್ನಾದ್ರೂ ಹೇಳಿ.”

ಅವಳ ತವರಿನ ಸುದ್ದಿ ಬಂತಲ್ಲ, ಅಲ್ಲೇ ನನ್ನ ಇನ್ನೊಂದು ಗಾಯ. ಪಾವಗಡದ ತಿರುಮಣಿ ಕಡೆ 13,000 ಎಕರೆಯಲ್ಲಿ ಸೋಲಾರ್ ಪಾರ್ಕ್ ಎದ್ದಿದೆ, 2,050 ಮೆಗಾವ್ಯಾಟ್. ರೈತರ ಜಮೀನು ಕೊಂಡುಕೊಂಡಿಲ್ಲ, ಗುತ್ತಿಗೆಗೆ ಪಡೆದಿದ್ದಾರೆ. ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಆಮೇಲೆ ಏರಿಕೆ. ನನ್ನ ಭಾವಮೈದ ಹಾಗೆ ಜಮೀನು ಕೊಟ್ಟವನು. ಬಂದಾಗಲೆಲ್ಲ ಜಗಲಿಯ ಮೇಲೆ ಕಾಲು ನೀಡಿಕೊಂಡು ಹರಿಗೋಲನ್ನು ನೋಡುತ್ತಾನೆ. “ಭಾವಾ, ನಮ್ಮಲ್ಲಿ ಬಿಸಿಲಿತ್ತು, ಬಿಸಿಲು ಮಾರ್ಕೊಂಡ್ವಿ. ನೀವು ಇಲ್ಲದ್ದನ್ನ ನೆಚ್ಕೊಂಡ್ ದೋಣಿ ತಂದ್ರಿ” ಅನ್ನುತ್ತಾನೆ. ಅವನು ಎಸ್ಸೆಸ್ಸೆಲ್ಸಿ ದಾಟಿಲ್ಲ. ಅದೊಂದೇ ನನಗಿರುವ ಸಮಾಧಾನ, ಅದನ್ನೂ ಬಾಯಿಬಿಟ್ಟು ಹೇಳುವಂತಿಲ್ಲ.

ನೆಚ್ಚಿಕೊಳ್ಳಲು ನನಗೂ ಒಂದಿದೆ: ಎತ್ತಿನಹೊಳೆ. 2014ರಲ್ಲಿ ಅಡಿಗಲ್ಲಾಯಿತು. ಸಕಲೇಶಪುರದ ಕಡೆಯ ಹಳ್ಳಗಳ 24 ಟಿಎಂಸಿ ನೀರನ್ನು ಎತ್ತಿ ಬಯಲುಸೀಮೆಗೆ ತರುವ ಯೋಜನೆ. ನಮ್ಮ ಕೊರಟಗೆರೆ ತಾಲ್ಲೂಕಿನ ಬೈರಗೊಂಡ್ಲುವಿನಲ್ಲೇ ಜಲಾಶಯ ಕಟ್ಟುತ್ತೇವೆ ಅಂದಿದ್ದರು. 2024ರ ಸೆಪ್ಟೆಂಬರಿನಲ್ಲಿ ಸಕಲೇಶಪುರದಲ್ಲಿ ಮೊದಲ ಹಂತದ ಉದ್ಘಾಟನೆ ಟೀವಿಯಲ್ಲಿ ಬಂದಾಗ ನಾನು ಎದ್ದುಹೋಗಿ ಹರಿಗೋಲಿನ ಮೇಲಿದ್ದ ಹುಣಸೆಹಣ್ಣನ್ನೆಲ್ಲ ಒಂದು ಪಕ್ಕಕ್ಕೆ ಸರಿಸಿದೆ. ಮನೆಯಾಕೆ ಬಂದು ಮತ್ತೆ ಹರಡಿದಳು.

ಹುಣಸೆ ಎಲ್ಲಿಂದ ಬಂತು ಎಂದಿರಾ? ಅದು ಹೇಗೆ ನಡೆಯಿತೆಂದು ನನಗೂ ಗೊತ್ತಾಗಲಿಲ್ಲ. ಮೊದಲು ಒಂದು ದಿನದ ಮಟ್ಟಿಗೆ ಎಂದು ಮೆಣಸಿನಕಾಯಿ ಒಣಗಿತು. ಆಮೇಲೆ ಸಂಡಿಗೆ. ಕಾಳಿನ ಕಾಲಕ್ಕೆ ಅವರೆ, ಹುಣಸೆ ಕಾಲಕ್ಕೆ ಹುಣಸೆ. ಮಗುಚಿಟ್ಟಾಗ ಅಡಿಯಲ್ಲಿ ಕೋಳಿ ಸಂಸಾರ. ಡಾಂಬರು ಬಳಿದದ್ದರಿಂದ ಮುಂಗುಸಿಯ ಕಾಟವೂ ಇಲ್ಲವಂತೆ. ನಾನು ದಬ್ಬೆ ಬದಲಾಯಿಸುತ್ತೇನೆಂದು ಹೊರಟರೆ “ಮರಿ ಮಾಡಿದೆ, ಮುಟ್ಬೇಡಿ” ಎಂಬ ಆಜ್ಞೆ. ನನ್ನ ದೋಣಿಯನ್ನು ನಾನು ರಿಪೇರಿ ಮಾಡಬೇಕಾದರೆ ಈಗ ಕೋಳಿಯ ಅನುಮತಿ ಬೇಕು.

ಕಳೆದ ಮಾಘದಲ್ಲಿ ಒಬ್ಬ ಫೋಟೋದವನು ಬಂದ. ಗೊರವನಹಳ್ಳಿ ಲಕ್ಷ್ಮಿ ದರ್ಶನ ಮಾಡಿ, ತೀತಾ ಡ್ಯಾಮಿನ ಹತ್ತಿರ ಫೋಟೋ ತೆಗೆಸಿಕೊಳ್ಳುವ ಮದುವೆ ಜೋಡಿಗಳು ಈಗ ಬಹಳ. ಹುಡುಗ ಹುಡುಗಿಯನ್ನು ಹಳೆಯ ಹರಿಗೋಲಿನಲ್ಲಿ ಕೂರಿಸಿದರೆ ಚೆನ್ನಾಗಿರುತ್ತದಂತೆ. ನೀರಿಗೆ ಇಳಿಸುವುದು ಬೇಡ, ದಡದಲ್ಲೇ ಇದ್ದರಾಯಿತು, ನೀರನ್ನು ಕಂಪ್ಯೂಟರಿನಲ್ಲಿ ಹಾಕಿಕೊಳ್ಳುತ್ತೇನೆ ಅಂದ. ನಾನು ಅದರ ಇತಿಹಾಸಕ್ಕೆ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಮನೆಯಾಕೆ ರೇಟು ಮಾತಾಡಿ ಮುಗಿಸಿ, ಅಡ್ವಾನ್ಸನ್ನು ಸೆರಗಿಗೆ ಕಟ್ಟಿಕೊಂಡಿದ್ದಳು. ನನ್ನ ಮರ್ಯಾದೆ ಉಳಿಸೋಣ ಎಂದು ಅವಳಿಗೂ ಅನ್ನಿಸಿರಬೇಕು.

“ಬೇಕಾದ್ರೆ ಅಂಬಿಗನ ಹಂಗೆ ಇವ್ರೂ ನಿಂತ್ಕೋತಾರೆ. ಹುಟ್ಟು ಹಿಡ್ಕೊಂಡು. ಅದಕ್ಕೆ ಬೇರೆ ದುಡ್ಡು.”

ನಾನು ಪಂಚೆ ಎತ್ತಿ ಕಟ್ಟಿ, ಹುಟ್ಟು ಹಿಡಿದು, ಕಡಲು ನೋಡುವವನ ಗತ್ತಿನಲ್ಲಿ ನಿಂತೆ. ಫೋಟೋದವನು ಒಂದು ಕಣ್ಣು ಮುಚ್ಚಿ ಅಳತೆ ನೋಡಿದ.

“ಬ್ಯಾಡ ಕಣಕ್ಕ. ದೋಣಿ ಹಳೇದಿದ್ರೆ ಫೋಟೋ ಚೆನ್ನಾಗ್ ಬತ್ತದೆ. ಅಂಬಿಗ ಹಳೇದಾದ್ರೆ ಆಮ್ಯಾಕೆ ಎಡಿಟಿಂಗಲ್ಲಿ ತೆಗೀಬೇಕಾಯ್ತದೆ.”

“ತೆಗ್ಯೋಕೆ ಎಷ್ಟಾಗುತ್ತೆ?” ಎಂದು ವಿಚಾರಿಸಿದಳು ಮನೆಯಾಕೆ.